ಸೀನಿಯರ್‌ನ ಪ್ರಾಕ್ಟಿಕಲ್‌ಗೆ ನಾನೇ ಪೇಶಂಟ್

ನನ್ನ ಅಪ್ಪ ಫೋರ್ಟ್ ಏರಿಯಾದ ಉಡುಪಿ ಹೋಟೆಲೊಂದರಲ್ಲಿ ಸಪ್ಲೈಯರ್. ಫಿಸಿಯೋಥೆರಪಿ ಕಾಲೇಜು ಸೇರಿದ ಮೊದಲ ದಿನವೇ ಇದನ್ನು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಬರೀ ಹೇಳಲಿಲ್ಲ, ಅಪ್ಪನ ದನಿಯಲ್ಲೇ ಹೇಳಿ ನಗಿಸಿದ್ದೆ. ಪ್ರಿನ್ಸಿಪಾಲರಿಂದ ಹಿಡಿದು ಲೋಕಲ್ ಟ್ರೈನಿನ ಅನೌನ್ಸ್‌ಮೆಂಟ್ ಹೆಂಗಸಿನವರೆಗೆ ಯಾರನ್ನೂ ಬಿಡದ ಬಾಯಿ ನನ್ನದು. ಬೇರೆ ಯಾರೂ ಸಿಗದಿದ್ದರೆ ಕನ್ನಡಿ ಮುಂದೆ ನನ್ನನ್ನೇ ಅಣಕಿಸುತ್ತೇನೆ.

ಕೊನೆಯ ವರ್ಷದ ಸೀನಿಯರ್ ಒಬ್ಬನಿಗೆ ಅಷ್ಟೇ ಸಾಕಾಯಿತು. ಕ್ಯಾಂಟೀನಿನಲ್ಲಿ ಕಂಡಾಗಲೆಲ್ಲ ಕುರ್ಚಿಯ ಮೇಲೆ ನಿಲ್ಲಿಸುತ್ತಿದ್ದ. "ಏ ಉಡುಪಿ, ಮೆನು ಬೋಲ್! ಬಾಪ್ ಕೀ ಆವಾಜ್ ಮೇ!"

ಒಲ್ಲೆ ಎಂದರೆ ವಾರ್ಡಿನಲ್ಲಿ ನೋಡಿಕೊಳ್ಳುತ್ತೇನೆ ಎಂಬ ಬೆದರಿಕೆ. ನಾನು ಅಪ್ಪನ ದನಿಯಲ್ಲಿ ಮೆನು ಒದರಿದ ಮೇಲೆ ಅವನು ತಟ್ಟೆ ಬಡಿಯುತ್ತಿದ್ದ: "ಅಣ್ಣಾ, ಏಕ್ ಇಡ್ಲಿ, ಚಟ್ನಿ ಜ್ಯಾದಾ!" ನಾನು ನಗಿಸುವುದು ಬೇರೆ, ಇವನು ಕುಣಿಸುವುದು ಬೇರೆ. ಅಪ್ಪನ ದನಿಯನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಕಿತ್ತು.

ನಮ್ಮಲ್ಲಿ ಸೀನಿಯರುಗಳ ಪ್ರಾಕ್ಟಿಕಲ್ ಪರೀಕ್ಷೆಗೆ ಜೂನಿಯರುಗಳೇ ಪೇಶಂಟ್ ಆಗಿ ಮಲಗಿ ನೋವು ನಟಿಸಬೇಕು. ನಾನು ಅವನ ಟೇಬಲ್ಲಿಗೇ ಹೋಗಿ ಮಲಗಿದೆ. ಮಂಡಿನೋವಿನ ಕೇಸು. ಹೊರಗಿನಿಂದ ಬಂದ ಪರೀಕ್ಷಕಿ ಪಕ್ಕದಲ್ಲೇ ನಿಂತಿದ್ದರು.

"ಆಪ್ ಕ್ಯಾ ಕಾಮ್ ಕರ್ತೇ ಹೈ?" ಅವನು ನನ್ನ ಕೆಲಸ ಕೇಳಿದ. ಏನು ವಿನಯ!

ಅಪ್ಪನ ದನಿ ತೆಗೆದೆ. "ಹೋಟೆಲ್ ಮೇ ಸಪ್ಲೈಯರ್ ಹೂಂ, ಸಾಬ್."

ಅಭ್ಯಾಸಬಲ. ಅವನ ಬಾಯಿ ತಾನಾಗಿಯೇ ತೆರೆಯಿತು. "ಅಣ್ಣಾ, ಏಕ್ ಇಡ್ಲಿ..." ಎಂದು ಕಿಸಕ್ಕನೆ ನಕ್ಕೇಬಿಟ್ಟ.

ಪರೀಕ್ಷಕಿ ನಗಲಿಲ್ಲ. "ಪೇಶಂಟ್ ಸೇ ಐಸೇ ಬಾತ್ ಕರ್ತೇ ಹೋ?"

ಅವನು ಗಡಿಬಿಡಿಯಲ್ಲಿ ನೋಯುವ ಮಂಡಿ ಬಿಟ್ಟು ಇನ್ನೊಂದನ್ನು ಹಿಡಿದ. ನಾನು ನರಳಿದೆ. ಅಷ್ಟು ಸುಖವಾಗಿ ಯಾವತ್ತೂ ನರಳಿರಲಿಲ್ಲ. ಅವನು ಫೇಲಾದ.

ಮರುಪರೀಕ್ಷೆ ಹತ್ತಿರ ಬಂದಾಗ ನನ್ನನ್ನು ಹುಡುಕಿಕೊಂಡು ಬಂದು, ಈ ಸಲ ಬರಬೇಡವೆಂದು ಗೋಗರೆದ. "ಭಾಯ್, ಇಸ್ ಬಾರ್ ತೂ ಮತ್ ಆನಾ. ಪ್ಲೀಸ್."

ಈಗ ನಾನು ಭಾಯ್! "ದೇಖ್ತಾ ಹೂಂ" ಎಂದವನು ಸೀದಾ ಆಫೀಸಿಗೆ ಹೋಗಿ ಪೇಶಂಟ್ ಆಗಲು ಹೆಸರು ಕೊಟ್ಟೆ.

ಮನೆಯಲ್ಲಿ, ಸೀನಿಯರ್ ಒಬ್ಬನ ಪರೀಕ್ಷೆಗೆ ಹೋಗಬೇಕು ಎಂದಷ್ಟೇ ಹೇಳಿದೆ. ಅಪ್ಪ ಬಿಸಿನೀರಿನಲ್ಲಿ ಕಾಲಿಟ್ಟು ಕುಳಿತಿದ್ದರು.

"ಹೋಗು ಮಾರಾಯ. ಪಾಪ, ಕಲಿಯುವ ಹುಡುಗ ಅಲ್ವಾ? ನಿನ್ನಿಂದ ಆದಷ್ಟು ಮಾಡು."

"ಮಾಡ್ತೇನೆ ಅಪ್ಪಾ," ಎಂದೆ, ತುಂಬು ಮನಸ್ಸಿನಿಂದ.