ಮುಚ್ಚಳವಿಲ್ಲದ ತುಕಡಿ ಪಟ

ಮೊನ್ನೆ ಸಂಜೆ ನಮ್ಮ ಸೊಸೆ ಶಾಲೆಯಿಂದ ಬರುವಾಗ ಒಂದು ರಟ್ಟಿನ ಡಬ್ಬಿ ತಂದು ನನ್ನ ಮುಂದಿಟ್ಟಳು. ಇಟ್ಟಳು ಅಷ್ಟೆ, ಏನೂ ಹೇಳಲಿಲ್ಲ. ಅವಳು ಟೀಚರು. ಮಾತೆಲ್ಲ ಅಲ್ಲೇ ಖರ್ಚಾಗುತ್ತದೋ ಏನೋ, ಮನೆಗೆ ಬಂದರೆ ‘ಹ್ಞೂಂರಿ’, ‘ಊಹೂಂರಿ’, ‘ಆತ್ರಿ ಅತ್ತಿ’ ಇಷ್ಟರಲ್ಲೇ ದಿನ ದೂಡುತ್ತಾಳೆ. ಮದುವೆಯಾಗಿ ಬಂದು ವರ್ಷವಾಗುತ್ತ ಬಂತು. ನನ್ನಂಥ ಬಾಯಿಬಡುಕಿಗೆ ಇಂಥ ಸೊಸೆ ಸಿಕ್ಕದ್ದನ್ನು ಕಂಡು ನಮ್ಮ ಮನೆಯವರು ಒಳಗೊಳಗೇ ನಗುತ್ತಾರೆ. ನಗಲಿ.

ಡಬ್ಬಿ ತೆರೆದೆ. ಹೊಸ ರಟ್ಟು, ಅಂಟು, ಅಚ್ಚಿನ ಮಸಿ ಕಲೆತ ವಾಸನೆ ಮೂಗಿಗೆ ಬಡಿಯಿತು. ತುಕಡಿ ಜೋಡಿಸಿ ಮಾಡುವ ಜಿಗ್ಸಾ ಪಟ. ನನಗೆ ಇದರ ಹುಚ್ಚು ಇದೆಯೆಂದು ಅವಳಿಗೆ ಯಾರು ಹೇಳಿದರೋ. ಯಾರು ಹೇಳುವುದು, ನಾನೇ ಹೇಳಿರುತ್ತೇನೆ. ನಾನು ಹೇಳದೆ ಬಿಟ್ಟ ಸಂಗತಿ ಈ ಓಣಿಯಲ್ಲಿ ಯಾವುದಿದೆ.

ನೀವು ಇಂಥ ಪಟ ಜೋಡಿಸಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಜೋಡಿಸದಿದ್ದರೆ ಒಂದು ಮಾತು ಕೇಳಿ. ಕೊಳ್ಳುವಾಗ ಚಿತ್ರ ನೋಡಿ ಮರುಳಾಗಬೇಡಿ. ಎರಡು ತುಕಡಿ ಸೇರಿಸಿ, ಒಂದನ್ನು ಹಿಡಿದು ಮೇಲೆತ್ತಿ. ಇನ್ನೊಂದು ಅದರ ಜೊತೆಗೇ ಏಳಬೇಕು. ಎದ್ದರೆ ಹಿಡಿತ ಗಟ್ಟಿ. ಆಮೇಲೆ ತುಕಡಿಯ ಅಂಚಿನ ಮೇಲೆ ಬೆರಳಾಡಿಸಿ, ರಟ್ಟಿನ ಪುಡಿ ಬೆರಳಿಗೆ ಹತ್ತಿದರೆ ಕತ್ತರಿಸಿದ ಅಚ್ಚು ಮೊಂಡಾಗಿದೆಯೆಂದು ತಿಳಿಯಿರಿ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಎಲ್ಲಿಟ್ಟರೂ ಕೂಡುವ ತುಕಡಿ. ಮದುವೆ ಮನೆಯಲ್ಲಿ ಎಲ್ಲರಿಗೂ ಬೀಗರಂತೆ ನಗುವವರಿರುತ್ತಾರಲ್ಲ, ಹಾಗೆ. ನಂಬಿ ಮುಂದೆ ಹೋಗಿ ಸಂಜೆಯ ಹೊತ್ತಿಗೆ ಎಲ್ಲವನ್ನೂ ಕಿತ್ತು ಮತ್ತೆ ಕೂಡಿಸಬೇಕಾಗುತ್ತದೆ.

ಈ ಪರೀಕ್ಷೆಗಳನ್ನೆಲ್ಲ ನನಗೆ ಕಲಿಸಿದವರು ನಮ್ಮ ಮಾವನವರು. ಅವರು ಜಿಗ್ಸಾ ಎಂಬ ಹೆಸರನ್ನು ಜನ್ಮದಲ್ಲಿ ಕೇಳಿದವರಲ್ಲ. ಅವರದು ಹತ್ತಿಯ ಕಸುಬು. ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ, ಬಂದ ಮಾಲನ್ನು ನೋಡಿ ದರ್ಜೆ ಹೇಳುವ ಕೆಲಸ. ಚಿಟಿಕೆ ಹತ್ತಿ ಕಿತ್ತು, ಎರಡು ಹೆಬ್ಬೆರಳ ನಡುವೆ ಮೆಲ್ಲಗೆ ಎಳೆದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ಹೇಳಿಬಿಡುತ್ತಿದ್ದರು. ಆಮೇಲೆ ಚೌಕಾಶಿ ಮಾಡುವವರಿರಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ, ಮಾನ್ವಿಯಿಂದ. ಮಾತು ನಾನು ಶಾಲೆಯಲ್ಲಿ ಕಲಿತದ್ದಲ್ಲ. ನಮ್ಮಜ್ಜ ಮತ್ತು ಅವನ ಗೆಳೆಯರು ಕೂಡುತ್ತಿದ್ದ ಕಟ್ಟೆಯ ತುದಿಯಲ್ಲಿ ಶೇಂಗಾ ಸುಲಿಯುತ್ತ ಕೂತು ಕಲಿತದ್ದು. ತಿರುಗಿ ಆಡಿದರೆ ಅಜ್ಜ ಬೈಯುತ್ತಿರಲಿಲ್ಲ. “ಇನ್ನೊಂದು ಸಲ ಹೇಳು, ಇವ್ರಿಗೆ ಕೇಳ್ಸಿಲ್ಲ” ಎನ್ನುತ್ತಿದ್ದ. ಹೀಗೆ ಬೆಳೆದವಳು ಬಂದು ಬಿದ್ದದ್ದು ಎಂಥ ಮನೆಗೆ? ಸೊಸೆ ಮಾವನ ಎದುರು ನಿಲ್ಲಬಾರದು, ಮಾತಂತೂ ಆಡಲೇಬಾರದು ಎನ್ನುವ ಮನೆಗೆ. ಅತ್ತೆ ದೇವದುರ್ಗದವರು, ಈ ರಿವಾಜನ್ನು ತವರಿಂದ ತಾಮ್ರದ ಕೊಡದ ಜೊತೆಗೇ ತಂದಿದ್ದರು. ಕೊಡ ಸೊಟ್ಟಾದರೂ ರಿವಾಜು ಸೊಟ್ಟಾಗಿರಲಿಲ್ಲ.

ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು, “ಅತ್ತಿ, ಊಟಕ್ಕ ಏಳ್ಬೇಕಂತ ಹೇಳ್ರಿ” ಎನ್ನುವುದು. ಪಡಸಾಲೆಯಲ್ಲಿ ಮಾವನಿಗೆ ಅದು ಚೆನ್ನಾಗಿ ಕೇಳಿಸುವುದು. ಆದರೂ ಅತ್ತೆ ಹೋಗಿ, “ಊಟಕ್ಕ ಏಳ್ಬೇಕಂತ್ರಿ” ಎನ್ನುವುದು. ಅವರು, “ಬಂದೆ ಅಂತ ಹೇಳು” ಎನ್ನುವುದು. ಅತ್ತೆ ಒಳಗೆ ಬಂದು ನನಗೆ, “ಬಂದ್ರಂತ” ಎನ್ನುವುದು. ಅತ್ತೆ ಮನೆಯಲ್ಲಿ ಇಲ್ಲದಾಗ ಮಾವ ಕಂಬದ ಜೊತೆ ಮಾತಾಡುತ್ತಿದ್ದರು. “ಒಂದೀಟು ನೀರು ಕುಡೀಬೇಕು ಅನ್ಸಾಕತ್ತದ” ಎಂದು ಕಂಬಕ್ಕೆ ಹೇಳಿದರೆ ನಾನು ಒಳಗಿಂದ ಬಳೆ ಸದ್ದು ಮಾಡಬೇಕು, ತಂಬಿಗೆ ಹೊಸ್ತಿಲ ಮೇಲಿಟ್ಟು ಸರಿಯಬೇಕು. ಅವರಿಗೂ ಇದರಿಂದ ಸುಖವಿದ್ದಂತೆ ಕಾಣಲಿಲ್ಲ. ನಾನಂತೂ ಈ ಬಾಯಿ ಹೀಗೇ ಮುಚ್ಚಿಹೋದರೆ ಏನು ಗತಿ ಎಂದು ನಿಜವಾಗಿ ಹೆದರಿದ್ದೆ. ಯಾರೂ ಇಲ್ಲದಾಗ ಒಲೆಯ ಮುಂದೆ ಕೂತು ರೊಟ್ಟಿಗೆ ಸುದ್ದಿ ಹೇಳುತ್ತಿದ್ದೆ.

ಇಂಥ ದಿನಗಳಲ್ಲಿ ಅತ್ತೆಯ ತಮ್ಮ ಶರಣಪ್ಪ ಬಂದ. ಇವನೂ ಮೂಲದಲ್ಲಿ ದೇವದುರ್ಗದವನೇ. ಕೆನಾಲ್ ನೀರು ಬಂದು ಮಾನ್ವಿ, ಸಿರವಾರದ ಕಡೆ ಭತ್ತ ಎದ್ದು ನಿಂತ ಮೇಲೆ ಮಾನ್ವಿಗೆ ಬಂದು ಅಕ್ಕಿ ಗಿರಣಿ ಹಾಕಿ ಬಲಿತಿದ್ದ. ನನ್ನ ಸಂಬಂಧ ಕೂಡಿಸಿದವನೂ ಅವನೇ. ನಮ್ಮ ಮಾವನಿಗೂ ಅವನಿಗೂ ಹತ್ತಿ ದೊಡ್ಡದೋ ಅಕ್ಕಿ ದೊಡ್ಡದೋ ಎಂದು ಕೂತಲ್ಲಿ ನಿಂತಲ್ಲಿ ಜಗಳ. ಗಿರಣಿಯ ಸಾಮಾನಿಗೆಂದು ಹೈದರಾಬಾದಿಗೆ ಹೋಗಿದ್ದವನು ಬರುವಾಗ ಹಳೇ ಬಜಾರಿನಿಂದ ಒಂದು ಬಟ್ಟೆಯ ಗಂಟು ತಂದು ಪಡಸಾಲೆಯಲ್ಲಿ ಬಿಚ್ಚಿ ಸುರಿದ.

“ಇದೇನಲೇ ಶರಣ್ಯಾ?” ಎಂದರು ಮಾವ.

“ತುಕಡಿ ಪಟ ಭಾವಾ. ಪರದೇಶದ್ದು. ಎಲ್ಲಾ ಜೋಡ್ಸಿದ್ರ ಒಂದು ಪಟ ಆಗ್ತದ.”

“ಹರದ ಪಟಕ್ಕ ರೊಕ್ಕ ಕೊಟ್ಟು ಬಂದಿ? ಅಕ್ಕಿ ತಿಂದು ತಿಂದು ತಲಿ ಮೆತ್ತಗಾಗ್ಯದ ನಿಂದು.”

“ಹರದದ್ದಲ್ಲ, ಅದು ಇರೋದೇ ಹಂಗ.”

“ಯಾವ ಪಟ ಅಂತ ಹೆಂಗ ಗೊತ್ತಾಗ್ಬೇಕು?”

“ಡಬ್ಬಿ ಮುಚ್ಚಳದ ಮ್ಯಾಲ ಇರ್ತದಂತ. ಮುಚ್ಚಳ ಕಳದದ ಅಂದ, ಅದಕ್ಕ ಸಸ್ತಾ ಕೊಟ್ಟ.”

ನಾನು ಬಾಗಿಲ ಸಂದಿಯಿಂದ ನೋಡಿದೆ. ರಾಶಿಯಲ್ಲಿ ಮುಕ್ಕಾಲು ಪಾಲು ಬಿಳಿ. ಶರಣಪ್ಪ ಒಂದು ತುಕಡಿ ಎತ್ತಿ ಬೆಳಕಿಗೆ ಹಿಡಿದು, “ಅಕ್ಕಿ ರಾಶಿ ಇರ್ಬೇಕು ನೋಡು ಭಾವಾ” ಎಂದ. ಮಾವ ಇನ್ನೊಂದು ಎತ್ತಿದರು, ತಿರುವಿದರು. ಕಣ್ಣು ಒಮ್ಮೆ ಅಡುಗೆಮನೆಯ ಕಡೆ ಹಾಯಿತು. ಆಮೇಲೆ ಅಗತ್ಯಕ್ಕಿಂತ ತುಸು ಗಟ್ಟಿಯಾಗಿಯೇ ಹೇಳಿದರು: “ಹತ್ತಿ ಇದು. ಚಲೋ ಹತ್ತಿ.”

ಮರುದಿನದಿಂದ ಪಟದ ಕೆಲಸ ಶುರುವಾಯಿತು. ಗಿರಣಿಯಲ್ಲಿ ಹತ್ತಿಯ ನಮೂನೆ ಸುತ್ತಲಿಕ್ಕೆ ನೀಲಿ ಕಾಗದ ಇಡುತ್ತಾರೆ, ಅದರ ಮೇಲೆ ಬಿಳಿಯ ಬಣ್ಣ ಸರಿಯಾಗಿ ತಿಳಿಯುತ್ತದೆಯೆಂದು. ಮಾವ ಒಂದು ದೊಡ್ಡ ಹಲಗೆಯ ಮೇಲೆ ಆ ನೀಲಿ ಕಾಗದ ಹಾಸಿ, ತುಕಡಿಗಳನ್ನು ಹರವಿಕೊಂಡು ದರ್ಜೆ ಮಾಡಿದರು. “ಇದು ಶುದ್ಧ ಬಿಳುಪು. ಇದಕ್ಕ ಹಳದಿ ಹೊಡದದ. ಇದು ಮಳಿ ನೀರು ಬಿದ್ದದ್ದು. ಇದು ಸಂಜಿ ನೆಳ್ಳಾಗ ಇಟ್ಟದ್ದು.” ನಮಗೆಲ್ಲ ಒಂದೇ ಬಿಳಿಯಾಗಿ ಕಂಡದ್ದು ಅವರ ಕಣ್ಣಿಗೆ ಏಳೆಂಟು ಗುಂಪಾಗಿ ಒಡೆಯಿತು. ಈ ಪಟಗಳಲ್ಲಿ ಅತಿ ಕಷ್ಟವಾದದ್ದು ಒಂದೇ ಬಣ್ಣದ ಬಯಲು ಎಂದು ಬಲ್ಲವರು ಹೇಳುತ್ತಾರೆ. ಎಷ್ಟೋ ಜನ ಅಲ್ಲಿಗೇ ಕೈ ಬಿಡುತ್ತಾರೆ. ಮಾವ ಅಲ್ಲಿಂದಲೇ ಶುರುಮಾಡಿದರು, ಸಲೀಸಾಗಿ ಮುಂದೆ ಹೋದರು.

ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ತಲಬಾಗಿಲ ಹತ್ತಿರ ಬೆಳಕು ಚೆನ್ನಾಗಿತ್ತು. ಮಾವ ಹಲಗೆಯನ್ನು ದಿನಕ್ಕಿಷ್ಟು ಅಡುಗೆಮನೆಯ ಕಡೆಗೇ ಸರಿಸುತ್ತ ಬಂದರು. ಅತ್ತೆ ಕೇಳಿದರೆ, “ಅಲ್ಲಿ ಗಾಳಿಗೆ ಹಾರ್ತಾವ” ಎಂದರು. ರಾಯಚೂರಿನ ಬೇಸಿಗೆಯ ಮಧ್ಯಾಹ್ನ ಎಲೆ ಅಲುಗಿದರೆ ಜನ ಹೊರಗೆ ಬಂದು ನೋಡುತ್ತಾರೆ.

ಮಾವ ಗಿರಣಿಗೆ ಹೋದ ಮೇಲೆ ಕಸ ಗುಡಿಸುವ ನೆಪದಲ್ಲಿ ಹಲಗೆಯ ಹತ್ತಿರ ಹೋಗತೊಡಗಿದೆ. ಒಂದು ದಿನ ಒಂದು ತುಕಡಿ ಕೂಡಿಸಿದೆ. ಟಪ್ಪೆಂದು ಕೂತಾಗ ಆದ ಸಮಾಧಾನವನ್ನು ಏನೆಂದು ಹೇಳಲಿ. ಎಷ್ಟೋ ತಿಂಗಳ ಮೇಲೆ ಯಾರೋ ನನ್ನ ಮಾತಿಗೆ ಹೌದೆಂದಂತಾಯಿತು. ಸಂಜೆ ಮಾವ ಬಂದರು, ನೋಡಿದರು, ಕಂಬಕ್ಕೆ ಹೇಳಿದರು: “ಇಲಿಗೋಳು ಶಾಣ್ಯಾ ಆಗ್ಯಾವ ನಮ್ಮನ್ಯಾಗ.” ಒಳಗೆ ನನ್ನ ಬಳೆ ತಾನಾಗಿ ಸದ್ದು ಮಾಡಿತು. ಆಮೇಲೆ ಇಲಿ ದಿನಾ ಕೆಲಸ ಮಾಡಿತು. ಬಣ್ಣದ ತುಕಡಿಗಳನ್ನು ಮಾವ ಮುಟ್ಟಲೇ ಇಲ್ಲ. ಒಟ್ಟುಮಾಡಿ ಹಲಗೆಯ ಈಚೆ ತುದಿಗೆ, ಹೊಸ್ತಿಲ ಕಡೆಗೆ ಇಟ್ಟಿದ್ದರು. ಅವು ನನ್ನ ಪಾಲಿಗೆ ಬಂದವು. ಕಟ್ಟಿಗೆಯ ಒಂದು ಮನೆ ಎದ್ದಿತು, ಅದರ ಮುಂದೆ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡ ಒಬ್ಬ ಮನುಷ್ಯ, ಅವನ ಬಂಡಿ, ಬಂಡಿಯ ಮುಂದೆ ನಾಯಿಗಳು. ನಾನು ಹೈಸ್ಕೂಲಿನ ಭೂಗೋಳದ ಪುಸ್ತಕ ನೋಡಿದವಳು. ಸುತ್ತಲಿನ ಆ ಬಿಳಿ ಏನೆಂದು ನನಗೆ ಗೊತ್ತಾಯಿತು. ಗೊತ್ತಾಗಿ, ಬಾಯಿ ಮುಚ್ಚಿಕೊಂಡಿರುವುದು ಮೊದಲಿಗಿಂತ ಹತ್ತು ಪಟ್ಟು ಕಷ್ಟವಾಯಿತು.

ಒಂದು ಭಾನುವಾರ ಶರಣಪ್ಪ ಬಂದ. ಪಟ ಬಹುಮಟ್ಟಿಗೆ ಕೂಡಿತ್ತು. ಭಾವ ಮೈದುನ ಇಬ್ಬರೂ ಎರಡು ಕಡೆ ಕೂತರು.

“ಅಕ್ಕಿ ಭಾವಾ. ಕಣ್ಣಿಗೆ ಕಾಣಾಕತ್ತದ. ಹೊಸಾ ಭತ್ತ ಮಿಲ್ ಮಾಡಿ ಹಿಂಗ ಹರವ್ತೀವಿ.”

“ನಿಮ್ಮ ಅಕ್ಕಿ ಮನಿ ಚಾವಣಿ ಮ್ಯಾಲ ಹೆಂಗ ಕುಂತತಲೇ?”

“ಮತ್ತ ನಿಮ್ಮ ಹತ್ತಿ ಹೆಂಗ ಕುಂತದ?”

“ಹತ್ತಿ ಹಗುರ. ಹಾರಿ ಕುಂತದ.”

“ಈ ನಾಯಿಗೋಳು ಯಾಕವ?”

“ಮಾರ್ಕೆಟ್ನಾಗ ನಾಯಿ ಇರಂಗಿಲ್ಲೇನು?”

ಶರಣಪ್ಪ ಸುತ್ತ ನೋಡಿ, ಬಾಗಿಲ ಮರೆಯಲ್ಲಿದ್ದ ನನ್ನ ಸೀರೆಯ ಅಂಚು ಕಂಡು, “ಏ ತಂಗಿ, ಭತ್ತದ ಸೀಮ್ಯಾಗ ಬೆಳ್ದಾಕಿ ನೀನು. ನೀನ ಹೇಳವ್ವಾ, ಅಕ್ಕಿನೋ ಹತ್ತಿನೋ?” ಎಂದ.

ಒಳಗೆ ಅತ್ತೆಯ ಕೈಯಲ್ಲಿದ್ದ ಸೌಟು ನಿಂತಿತು. ಕಣ್ಣಲ್ಲೇ ‘ಬೇಡ’ ಎಂದರು. ಬಳೆ ಸದ್ದು ಮಾಡಿ ಸುಮ್ಮನಾಗಬಹುದಿತ್ತು. ಆದರೆ ಯಾವ ಬಳೆ, ಏನೆಂದು ಸದ್ದು ಮಾಡಬೇಕು? ಅಕ್ಕಿ ಎಂದರೆ ತವರಿನ ಪಕ್ಷ, ಹತ್ತಿ ಎಂದರೆ ಸುಳ್ಳು. ಮಾವ ತಲೆ ಎತ್ತಲಿಲ್ಲ. ಅವರ ಕೈಯಲ್ಲಿ ಒಂದು ತುಕಡಿ ಇತ್ತು, ಇಡದೆ ಸುಮ್ಮನೆ ಹಿಡಿದುಕೊಂಡಿದ್ದರು.

ನಾನು ಹೊಸ್ತಿಲು ದಾಟಿದೆ. ದಾಟಿದೆನೋ, ಮಾತೇ ನನ್ನನ್ನು ದೂಡಿತೋ.

“ಮಾವಾರ, ಅದು ಹತ್ತಿ ಅಲ್ರೀ. ಅಕ್ಕಿನೂ ಅಲ್ಲ. ಬರ್ಫ ರೀ ಅದು. ಥಂಡಿ ದೇಶದಾಗ ಮ್ಯಾಲಿಂದ ಬೀಳ್ತದ, ಹಿಮ ಅಂತಾರ. ಬಂಡಿ ನೋಡ್ರಿ, ಗಾಲಿನ ಇಲ್ಲ. ನಾಯಿ ಕಟ್ಯಾರ ಅದಕ್ಕ. ಹತ್ತಿ ಮಾರ್ಕೆಟ್ಟಿಗೆ ನಾಯಿ ಬಂಡಿ ಹೂಡ್ಕೊಂಡು ಯಾರು ಬರ್ತಾರ್ರಿ?”

 ಶರಣಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಮಾವ ಪಟವನ್ನು ನೋಡಿದರು, ನನ್ನನ್ನು ನೋಡಿದರು.

“ಮನಿಗೆ ಬಂದು ಇಷ್ಟು ದಿವಸಕ್ಕ ಒಂದು ಮಾತಾಡಿದಿ,” ಎಂದರು, “ಅದೂ ನನ್ನ ಮಾಲು ಕೆಡ್ಸಾಕ.”

ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವರು ಎರಡು ಕೈ ಎತ್ತಿ, ಹೆಬ್ಬೆರಳುಗಳ ನಡುವೆ ಇಲ್ಲದ ಹತ್ತಿಯನ್ನು ಮೆಲ್ಲಗೆ ಎಳೆದರು. ಎಳೆದು, ಒಳಗಿದ್ದ ಅತ್ತೆಗೆ ಕೇಳುವಂತೆ ಕೂಗಿದರು: “ಏನಬೇ, ಎಳಿ ಉದ್ದ ಅದ, ಗಟ್ಟಿನೂ ಅದ. ಇಂಥಾ ಮಾಲು ಇಷ್ಟು ದಿವಸ ಚೀಲದಾಗ ಕಟ್ಟಿ ಇಟ್ಟಿದ್ಯಲ್ಲ?”

ಒಳಗೆ ಸೌಟು ಮತ್ತೆ ಸದ್ದು ಮಾಡಿತು. ಆ ದಿನ ಮಾವ ನನ್ನ ಕೈಯಿಂದಲೇ ಕೊನೆಯ ತುಕಡಿ ಇಡಿಸಿದರು.

ಆಮೇಲೆ ನಾನು ಮಾತಾಡಿದೆ. ಅವರಿರುವ ತನಕ ಮಾತಾಡಿದೆ. ಶರಣಪ್ಪ ಹೈದರಾಬಾದಿಗೆ ಹೋದಾಗಲೆಲ್ಲ ಪಟ ತರುತ್ತಿದ್ದ, ನಾವಿಬ್ಬರೂ ಕೂಡಿಸಿ ದರ್ಜೆ ಹಾಕುತ್ತಿದ್ದೆವು. ಕೆಲವೊಮ್ಮೆ ಮಾವ ಕಿವಿಗೆ ಬೆರಳಿಟ್ಟು, “ಸಾಕವ್ವಾ, ಗೋದಾಮು ತುಂಬ್ಯದ” ಎನ್ನುತ್ತಿದ್ದರು. ಸುಗ್ಗಿಯಲ್ಲಿ ಗಿರಣಿಗೆ ಬುತ್ತಿ ಒಯ್ದರೆ ಅಲ್ಲಿಯೂ ಬಿಡುತ್ತಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತು ರೊಟ್ಟಿ ಮುರಿಯುವುದು, ಹಿಂದಿನ ಗೋಡೆಯಲ್ಲಿ ಯಂತ್ರದ ಕಂಪನಿಯವರ ಹಳೆಯ ಕ್ಯಾಲೆಂಡರು ತೂಗುವುದು, ನಾನು ಎದುರು ನಿಂತು ಓಣಿಯ ಸುದ್ದಿಯೆಲ್ಲ ಒದರುವುದು.

ಇರಲಿ, ಮೊನ್ನೆಯ ಡಬ್ಬಿಗೆ ಬರೋಣ. ಮುಚ್ಚಳವನ್ನು ಕಪಾಟಿನಲ್ಲಿಟ್ಟೆ. “ನಾನು ಪಟ ನೋಡಿ ಜೋಡ್ಸಾಕಿ ಅಲ್ಲವ್ವಾ” ಎಂದೆ. ಸೊಸೆ, “ಆತ್ರಿ ಅತ್ತಿ” ಎಂದಳು. ನಾನು ಹಲಗೆ ಹಾಸಿಕೊಂಡು ಕೂತೆ, ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಮೂಲೆಯಲ್ಲಿ ಕೂತಳು. ಬೆಳಕು ಕಿಟಕಿಯ ಹತ್ತಿರ ಚೆನ್ನಾಗಿತ್ತು. ನಾನು ಹಲಗೆಯನ್ನು ಅವಳ ಕಡೆ ಸರಿಸಿದೆ.

“ಕೆನಾಲ್ ಇದು,” ಎಂದೆ, ಅರ್ಧ ಪಟ ಕೂಡಿದ ಮೇಲೆ ನೀಲಿ ತುಕಡಿಗಳನ್ನು ತೋರಿಸಿ. “ನಮ್ಮ ಮಾನ್ವಿ ಕೆನಾಲ್ ಇದ್ದಂಗ ಅದ. ಇದು ನೋಡು, ಅಕ್ಕಿ ಗಿರಣಿ ಚಿಮಣಿ.”

ಅವಳು ತಲೆ ಎತ್ತಿದಳು, ಬಗ್ಗಿಸಿದಳು. ಮತ್ತೆ ಎತ್ತಿದಳು. ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

“ಅತ್ತಿ, ಚಿಮಣಿ ಅಲ್ರೀ ಅದು. ಲೈಟ್‌ಹೌಸ್. ಇಷ್ಟು ದೊಡ್ಡ ಹಡಗ ನಿಮ್ಮ ಕೆನಾಲ್ನಾಗ ಹೆಂಗ ಹಾಯ್ತದ? ಚಿಮಣಿ ಅಂದ್ರ ಹೊಗಿ ಬ್ಯಾಡೇನ್ರಿ? ನಿಮ್ಮ ಗಿರಣಿ ಬಂದ್ ಬಿದ್ದದೇನು?”

ಮುಚ್ಚಳವನ್ನು ನಾನು ಕಪಾಟಿಗೆ ಇಡುವ ಮುಂಚೆ ಚೆನ್ನಾಗಿಯೇ ನೋಡಿದ್ದೆ. ಸಮುದ್ರ, ಹಡಗು, ಲೈಟ್‌ಹೌಸ್, ಎಲ್ಲ ಇತ್ತು.

ಆಗ ಹೊಳೆಯಿತು ನೋಡಿ, ನಾಲ್ಕು ದಶಕ ತಡವಾಗಿ. ಬಿಳುಪಿನಲ್ಲಿ ಏಳೆಂಟು ಬಗೆ ಕಾಣುತ್ತಿದ್ದ ಮನುಷ್ಯ ಹಿಮವನ್ನು ಹತ್ತಿ ಎಂದದ್ದು. ದಿನಕ್ಕಿಷ್ಟು ನನ್ನ ಬಾಗಿಲಿಗೆ ಸರಿದು ಬಂದ ಹಲಗೆ. ಆ ಗಿರಣಿಯ ಕ್ಯಾಲೆಂಡರು: ಅದರಲ್ಲಿ ಬೆಟ್ಟವಿತ್ತು, ಬೆಟ್ಟದ ತುಂಬ ಹಿಮವಿತ್ತು, ಕೆಳಗೆ ಕಟ್ಟಿಗೆಯ ಮನೆಗಳಿದ್ದವು. ಆ ತುಕಡಿ ಪಟ ನಮ್ಮ ಮನೆಗೆ ಬರುವುದಕ್ಕಿಂತ ಎಷ್ಟೋ ವರ್ಷ ಹಿಂದಿನ ಕ್ಯಾಲೆಂಡರು ಅದು, ಅಂಚೆಲ್ಲ ಹಳದಿಯಾಗಿತ್ತು. ನಾನು ಅದರ ಎದುರೇ ನಿಂತಿರುತ್ತಿದ್ದೆ. ಮಾತಾಡುವ ಅವಸರದಲ್ಲಿ ನೋಡಿಯೂ ಗಮನಿಸಿರಲಿಲ್ಲ.

“ಯಾಕ್ರಿ ಅತ್ತಿ, ನಗಾಕತ್ತೀರಿ?” ಎಂದಳು ಸೊಸೆ, ಹಲಗೆಯ ಹತ್ತಿರ ಸರಿದು ಕೂತು.

“ಏನಿಲ್ಲ,” ಎಂದೆ. ನನ್ನ ಎರಡು ಹೆಬ್ಬೆರಳುಗಳು ತಾವಾಗಿಯೇ ಕೂಡಿ, ಮೆಲ್ಲಗೆ ಏನನ್ನೋ ಎಳೆಯುತ್ತಿದ್ದವು.