ನಾನು ತೆಗೆಯದ ಫೋಟೋ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವನು ನಾನೇ. ಹುಬ್ಬಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು ನಾನು. ಮದುವೆ ಫೋಟೋದ ಮೂಲೆಯಲ್ಲಿ ಬೆಳ್ಳಗೆ ಏನೋ ನಿಂತಿದೆ ಎಂದು ಹೆದರಿ ಬಂದವರಿಗೆಲ್ಲ, "ದೆವ್ವ ಅಲ್ಲೋ ಮಾರಾಯ, ರೋಲಿಗೆ ಬೆಳಕು ಬಿದ್ದೈತಿ" ಎಂದು ಹೇಳಿ ಕಳಿಸುತ್ತಿದ್ದೆ. ಈಗ ಅಷ್ಟು ಸಲೀಸಾಗಿ ಹೇಳಲಾರೆ.

ಡಿಜಿಟಲ್ ಕ್ಯಾಮೆರಾ ಇನ್ನೂ ನಮ್ಮ ಕೈಗೆ ಬಂದಿರಲಿಲ್ಲ, ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಮ್ಮ ಚರ್ಚಿನ ಎಂಟು ಜನರ ತಂಡ ಮಿಷನ್ ಪ್ರವಾಸಕ್ಕೆಂದು ಸ್ವೀಡನ್ನಿಗೆ ಹೊರಟಿತು. ನನ್ನನ್ನು ಬಿಟ್ಟು ಉಳಿದವರೆಲ್ಲ ಹಾಡುವವರು. ನನ್ನ ಕಂಠ ಕೇಳಿದವರು ಯಾರೂ ನನ್ನನ್ನು ಹಾಡಲು ಕರೆಯುವುದಿಲ್ಲ, ನಾನು ಫೋಟೋಕ್ಕೆ. "ರೊಕ್ಕ ಕೊಟ್ಟು ಕಳಿಸಿದ ಮಂದಿಗೆ ತೋರಿಸಬೇಕು ನೋಡ್ರಿ, ಚಂದ ಬರ್ಲಿ" ಎಂದು ಪಾಸ್ಟರ್ ಹೇಳಿದ್ದರು. ಆ ಮಾತು ನನ್ನ ತಲೆಗೇರಿತ್ತು. ಕೆಂಪು ಬಣ್ಣದ ಮರದ ಮನೆ, ಕೆರೆ, ಎಷ್ಟು ಹೊತ್ತಾದರೂ ಮುಳುಗದ ಬಿಸಿಲು, ಕಂಡದ್ದಕ್ಕೆಲ್ಲ ಕ್ಲಿಕ್ ಮಾಡುತ್ತ ಹೋದೆ.

ಮಂಗಳವಾರ ಶೋವ್ಡೆ ಎಂಬ ಊರಿನ ಒಂದು ವೃದ್ಧಾಶ್ರಮದಲ್ಲಿ ನಮ್ಮವರು ಹಾಡಿದರು. ಅಲ್ಲಿನ ಇಂಜಿನ್ ಕಾರ್ಖಾನೆಯಲ್ಲಿದ್ದ ಬೆಂಗಳೂರಿನ ಸುಧೀಂದ್ರ, ಕನ್ನಡ ಕೇಳುವ ಆಸೆಗೇ ರಜೆ ಹಾಕಿ ನಮಗೆ ದುಭಾಷಿಯಾಗಿದ್ದರು. ಹಾಡು ಮುಗಿದ ಮೇಲೆ ಇಂಗ್ರಿಡ್ ಎಂಬ ಅಜ್ಜಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಅವರ ಫೋಟೋಗಳನ್ನೆಲ್ಲ ತೆಗೆದವನು ಗಂಡನಂತೆ. ಅವನು ತೀರಿದ ಮೇಲೆ ಯಾರೂ ತೆಗೆದಿಲ್ಲವಂತೆ. ಕಿಟಕಿಯ ಹತ್ತಿರ ಒಂದು ತೆಗೆಯುತ್ತೀಯಾ ಎಂದು ಕೇಳಿದರು. ಕ್ಯಾಮೆರಾ ನೋಡಿದೆ. ರೋಲ್ ಮುಗಿದಿತ್ತು. ಕೊನೆಯ ನಾಲ್ಕು ಫೋಟೋಗಳನ್ನು ಹೊರಗೆ ಮೋಡಕ್ಕೆ ಸುರಿದು ಬಂದಿದ್ದೆ.

ನಾಚಿಕೆಯಾಯಿತು. ಕೈ ಮುಗಿದು, ಬಾಯಿಗೆ ರೂಢಿಯಾದ ಮಾತನ್ನೇ ಆಡಿದೆ: "ಹೋಗಿ ಬರ್ತೇನ್ರಿ ಅಜ್ಜಿ." ಅವರಿಗೆ ಆ ಶಬ್ದ ಹಿಡಿಸಿತು. ನನ್ನಿಂದ ಎರಡು ಸಲ ಹೇಳಿಸಿಕೊಂಡು ತಾವೂ ಹೇಳಿದರು. ಅರ್ಥ ಕೇಳಿದಾಗ ಸುಧೀಂದ್ರ ಹೇಳಿದರು. ಅಜ್ಜಿಯ ಮುಖ ಅರಳಿತು.

ನಾನು ವ್ಯಾನ್ ಹತ್ತುವಾಗ ಸುಧೀಂದ್ರ ಓಡಿ ಬಂದರು. "ಸರ್, ಯಾವಾಗ ಬರ್ತೀರ ಅಂತ ಕೇಳ್ತಿದಾರೆ. ನಾನು ಲಿಟರಲ್ ಆಗಿ ಹೇಳ್ಬಿಟ್ಟೆ."

"ಗುರುವಾರ ಅಂತ ಹೇಳಿಬಿಡ್ರಿ" ಎಂದೆ. ಮಾತು ಮುಗಿದರೆ ಸಾಕಾಗಿತ್ತು.

"ಇಲ್ಲಿನವರು ಕ್ಯಾಲೆಂಡರ್‌ನಲ್ಲಿ ಬರ್ಕೋತಾರೆ ಸರ್. ಫಿಕಾ ಮೂರು ಗಂಟೆಗೆ, ಬ್ಲೂ ಡ್ರೆಸ್ ಹಾಕ್ಕೊಂಡು ಕಾಯ್ತೀನಿ ಅಂದ್ರು." ಫಿಕಾ ಎಂದರೆ ಅವರ ಕಾಫಿ ಹೊತ್ತು. ನಾನು ನಕ್ಕು ವ್ಯಾನ್ ಹತ್ತಿದೆ.

ಗುರುವಾರ ನಾವು ಮಾಲ್ಮೋದಲ್ಲಿದ್ದೆವು, ಶೋವ್ಡೆಯಿಂದ ರೈಲಿನಲ್ಲಿ ಮೂರ್ನಾಲ್ಕು ತಾಸಿನ ದಾರಿ. ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಲ್ಲಿನ ಉದ್ದ ಸೇತುವೆಯ ಫೋಟೋ ತೆಗೆಯುವಾಗ ಫೋಕಸ್ ಸರಿಮಾಡುವುದನ್ನೇ ಮರೆತೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಹಾಗಾದದ್ದು ಅದೇ ಮೊದಲು. ಮೂರು ಗಂಟೆಗೆ ನಮ್ಮವರು ಹಾಡುತ್ತಿದ್ದಾಗ ನಾನು ಚರ್ಚಿನ ಹೊರಗೆ ಸುಮ್ಮನೆ ಅತ್ತಿಂದಿತ್ತ ತಿರುಗುತ್ತಿದ್ದೆ. ನೀಲಿ ಡ್ರೆಸ್ ಹಾಕಿಕೊಂಡು ಬಾಗಿಲು ನೋಡುತ್ತ ಕೂತ ಮುದುಕಿ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಸಂಜೆ ಸುಧೀಂದ್ರರಿಗೆ ಫೋನ್ ಮಾಡಿ, ನನ್ನ ಪರವಾಗಿ ಕ್ಷಮೆ ಕೇಳಿ ಎಂದೆ. ಹತ್ತು ನಿಮಿಷಕ್ಕೆ ತಿರುಗಿ ಫೋನ್ ಬಂತು. "ಸರ್, ಶೋವ್ಡೆಗೆ ಬಂದು ನನಗೆ ಹೇಳೇ ಇಲ್ವಲ್ಲ! ಮೂರು ಗಂಟೆಗೆ ಬಂದು ಫೋಟೋ ತೆಗೆದ್ರಂತೆ. ನರ್ಸ್ ಹೇಳಿದ್ರು."

ಮರುದಿನ ಪಾಸ್ಟರ್ ಗೊಣಗಿದರೂ ಕೇಳದೆ ಒಬ್ಬನೇ ರೈಲು ಹತ್ತಿದೆ. ಶೋವ್ಡೆಯ ಸ್ಟೇಷನ್ನಿಗೆ ಸುಧೀಂದ್ರ ಬಂದಿದ್ದರು. ವೃದ್ಧಾಶ್ರಮದ ನರ್ಸ್ ನನ್ನನ್ನು ನೋಡಿ, ಮತ್ತೆ ಬಂದಿರಾ ಎಂಬಂತೆ ನಕ್ಕಳು. ನಿನ್ನೆ ನಾನು ಎರಡು ಕಪ್ ಕಾಫಿ ಕುಡಿದೆನಂತೆ. ಕ್ಯಾಮೆರಾಕ್ಕೆ ಕೆಂಪು ಪಟ್ಟಿ ಇತ್ತಂತೆ. ಅದು ನಮ್ಮ ಹಾರ್ಮೋನಿಯಂ ಪೆಟ್ಟಿಗೆಯಿಂದ ಬಿಚ್ಚಿ ನಾನೇ ಕಟ್ಟಿಕೊಂಡದ್ದು. ಮಂಗಳವಾರ ನೋಡಿದ್ದನ್ನೇ ಹೇಳುತ್ತಿರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಇಂಗ್ರಿಡ್ ಅಜ್ಜಿಯ ಕೋಣೆಯಲ್ಲಿ ನೀಲಿ ಡ್ರೆಸ್ ಬೀರುವಿನ ಬಾಗಿಲಿಗೆ ತೂಗುತ್ತಿತ್ತು. ಹೊಸ ರೋಲ್ ಹಾಕಿ ಕ್ಯಾಮೆರಾ ಎತ್ತಿದೆ. ಅವರು ಬೇಡವೆಂದು ಕೈಯಾಡಿಸಿದರು. ನಿನ್ನೆ ತೆಗೆದದ್ದು ಸಾಕು, ಗಂಡ ತೆಗೆಯುತ್ತಿದ್ದಷ್ಟೇ ಹೊತ್ತು ನೀನೂ ತಾಳ್ಮೆಯಿಂದ ಕಾದೆ ಎಂದರಂತೆ. ನಾನು ಯಾವತ್ತೂ ಹಾಗೆ ಕಾದವನಲ್ಲ.

ಕ್ಯಾಮೆರಾ ಚೀಲಕ್ಕೆ ಹಾಕಿ ಎದ್ದೆ. "ಹೋಗಿ ಬರ್ತೇನ್ರಿ" ಎಂದೆ. ಅಜ್ಜಿ ತಲೆ ಓರೆ ಮಾಡಿ ಕೇಳಿಸಿಕೊಂಡು ಸುಧೀಂದ್ರರಿಗೆ ಏನೋ ಅಂದರು.

"ನಿನ್ನೆ ಬೇರೆ ಥರ ಹೇಳಿದ್ರಂತೆ ಸರ್. ಯಾವುದು ಕರೆಕ್ಟ್ ಅಂತ ಕೇಳ್ತಿದಾರೆ."

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, ಒಂದಕ್ಷರ ತಪ್ಪದೆ, ತಾವೇ ಹೇಳಿ ತೋರಿಸಿದರು: "ಹೋಗ್ತೇನ್ರಿ."

ನಮ್ಮ ಮನೆಗಳಲ್ಲಿ ಹೊಸ್ತಿಲ ಮೇಲೆ ನಿಂತು ಯಾರೂ ಹಾಗೆ ಹೇಳುವುದಿಲ್ಲ. ಮಕ್ಕಳು ಹೇಳಿದರೆ ಬೈಯುತ್ತೇವೆ. ನಾನು ಆ ಮಾತನ್ನು ಅವರಿಗೆ ಕಲಿಸಿರಲಿಲ್ಲ. ಸುಧೀಂದ್ರ ಕಲಿಸಿದ್ದರೆ ಬೆಂಗಳೂರಿನವರಂತೆ 'ಹೋಗ್ತೀನಿ' ಎಂದಾಗುತ್ತಿತ್ತು. ಅದು ನಮ್ಮ ಊರಿನ ಮಾತು. ನನಗೆ ಭಯವಾಯಿತು.

ಊರಿಗೆ ಬಂದು ರೋಲುಗಳನ್ನೆಲ್ಲ ನನ್ನ ಕೈಯಾರೆ ತೊಳೆದೆ. ಮೋಡಗಳಿದ್ದವು, ಮಸುಕಾದ ಸೇತುವೆ ಇತ್ತು. ನೀಲಿ ಡ್ರೆಸ್ಸಿನ ಫೋಟೋ ಇರಲಿಲ್ಲ. ಅದು ಯಾರ ಕ್ಯಾಮೆರಾದಲ್ಲಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಂದಿನಿಂದ ಮನೆ ಬಿಡುವಾಗ ಎರಡು ಸಲ "ಹೋಗಿ ಬರ್ತೇನಿ" ಎನ್ನುತ್ತೇನೆ. "ಒಮ್ಮೆ ಹೇಳಿದ್ರ ಸಾಲೂದಿಲ್ಲೇನ್ರಿ?" ಎಂದು ಹೆಂಡತಿ ನಗುತ್ತಾಳೆ. ಒಂದು ನನಗೆ. ಇನ್ನೊಂದು, ಅವತ್ತು ಅಜ್ಜಿಯ ಫೋಟೋ ತೆಗೆದು, ಹಾಗೆ ಹೇಳದೆ ಹೋದವನಿಗೆ.