ಬೆಂಕಿಯಲ್ಲಿ ಎಚ್ಚರಗೊಂಡ ಕಲ್ಲು

ನಮ್ಮಣ್ಣ ತೇಗಿಸ್ ನಲವತ್ತು ವರ್ಷ ರತ್ನಪುರದ ಹರಳಿನ ಗುಂಡಿಗಳಲ್ಲಿ ಬುಟ್ಟಿ ತಿರುಗಿಸಿದ. ಸೊಂಟದವರೆಗೆ ನೀರಿನಲ್ಲಿ ನಿಂತು ಮಣ್ಣು ತೊಳೆದು, ತಳದಲ್ಲಿ ಉಳಿದ ಕಲ್ಲುಗಳಿಂದ ಹರಳು ಆರಿಸುವುದು ಅವನ ಕೆಲಸ. ನಾನು ಅದನ್ನು ಒಮ್ಮೆಯೂ ಕಂಡವಳಲ್ಲ. ಹೆಂಗಸರು ಗುಂಡಿಯ ಹತ್ತಿರ ಹೋದರೆ ಹರಳು ಓಡಿಹೋಗುತ್ತವಂತೆ. ಅವನು ಉಡುವ ಒದ್ದೆ ಸರೋಂಗು ದಿನಾ ಹಿಂಡಿದವಳು ಮಾತ್ರ ನಾನೇ. ಅದಕ್ಕೆ ಯಾವ ಹರಳೂ ಓಡಲಿಲ್ಲ.

ಅರವತ್ತಕ್ಕೆ ಅವನ ಕಣ್ಣು ಮಂಜಾಯಿತು. ಗುಂಡಿಯ ಒಡೆಯ ವಿಮಲರತ್ನ ಮುದಲಾಳಿ ಹೇಳಿಯೇಬಿಟ್ಟ: "ಈ ಮಳೆ ಮುಗಿದ್ಮೇಲೆ ಮನೇಲಿರು ತೇಗಿಸಣ್ಣ. ನೀಲ ಅಂತ ಬೆಣಚುಕಲ್ಲು ಕೊಡ್ತಿದ್ದೀಯ."

ಅಷ್ಟರಲ್ಲಿ ಆಸ್ಟ್ರೇಲಿಯಾದಿಂದ ಫಿಲಿಪಾ ಎಂಬ ವಿಜ್ಞಾನಿ ಬಂದಳು. ಅವಳಿಗೆ ಬೇಕಾದದ್ದು ಒಳಗೇ ಮಂಕಾದ, ಯಾರೂ ಮೂಸದ ಹಸಿರು ಜಿರ್ಕಾನ್. ನಾವು ಅದನ್ನು ಸತ್ತ ಕಲ್ಲು ಎನ್ನುತ್ತೇವೆ. ಅಣುಸ್ಥಾವರದ ಕಸವನ್ನು ಕಲ್ಲಿನಂಥ ಗಟ್ಟಿಯಲ್ಲಿ ಬೆಸೆದು ಹೂಳಬೇಕಂತೆ. ಅದು ಲಕ್ಷಾಂತರ ವರ್ಷ ತಾಳುತ್ತದೋ ಇಲ್ಲವೋ ಎಂದು ಕಾದು ನೋಡಲು ಯಾರಿದ್ದಾರೆ? ಅದಕ್ಕೇ ಒಡಲಲ್ಲಿ ಯುರೇನಿಯಂ ಇಟ್ಟುಕೊಂಡು ಐವತ್ತೈದು ಕೋಟಿ ವರ್ಷ ಬಾಳಿದ ಕಲ್ಲನ್ನು ಕೇಳುವುದು. ನಮ್ಮ ಮನೆಯ ಸೂರು ಮೂರು ಮಳೆ ತಾಳಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ ಬಿಡಿ.

ಅವಳನ್ನೂ ಗುಂಡಿಯ ಹತ್ತಿರ ಬಿಡಲಿಲ್ಲ. ರಸ್ತೆಯಲ್ಲೇ ಕೊಡೆ ಹಿಡಿದು ನಿಂತು, ಹರಕುಮುರುಕು ಸಿಂಹಳದಲ್ಲಿ ಅಣ್ಣನಿಗೆ ಹೇಳಿದಳು: "ಅಜ್ಜ, ಬುಟ್ಟೀಲಿ ಸಿಕ್ಕ ಹಾಗೇ ತನ್ನಿ. ಉಜ್ಜಬೇಡಿ, ಕೊಯ್ಯಬೇಡಿ, ಎಣ್ಣೆ ಹಚ್ಚಬೇಡಿ. ಒಳ್ಳೇದು ಒಂದು ತಂದ್ರೆ, ಇನ್ನೆರಡು ವರ್ಷ ನನಗೆ ಕಲ್ಲು ಕೂಡಿಸೋ ಕೆಲ್ಸ ನಿಮ್ದೇ."

"ಮಂಕು ಕಣ್ಣಿಗೆ ಮಂಕು ಕಲ್ಲು, ಜೋಡಿ ಚೆನ್ನಾಗಿದೆ" ಎಂದು ಮುದಲಾಳಿ ನಕ್ಕ.

ಮೂರನೆಯ ವಾರ ಸಿಕ್ಕಿತು, ಹುಣಸೆಬೀಜದಷ್ಟು. ಸತ್ತ ಕಲ್ಲು ಸಿಕ್ಕವನದು. ಫಳಗುಟ್ಟುವ, ಜೀವ ಇರುವ ಹರಳು ಮಾತ್ರ ಒಡೆಯನೂ ಆಳುಗಳೂ ಹಂಚಿಕೊಳ್ಳುವ ಪಾಲಿಗೆ ಹೋಗಬೇಕು, ಅದು ಗುಂಡಿಯ ಕಟ್ಟಳೆ. ಅಣ್ಣ ಅದನ್ನು ನನ್ನ ಅಡುಗೆಮನೆಗೆ ತಂದ. ನಾನು ಕಪ್ಪು ಚಹಾ ಕೊಟ್ಟೆ, ಕಚ್ಚಿಕೊಳ್ಳಲು ಬೆಲ್ಲ ಎರಡು ಚೂರು. ಚಿಕ್ಕಂದಿನಿಂದ ಅವನಿಗೆ ಎರಡು ಬೇಕು, ಅಮ್ಮ ಎಷ್ಟು ಬೈದರೂ. ಏನು ಹೇಳುತ್ತಿದ್ದೆ? ಹಾಂ, ಅವನು ಚಹಾ ಪಕ್ಕಕ್ಕಿಟ್ಟು ಕಲ್ಲನ್ನು ತೆಂಗಿನ ಚಿಪ್ಪಿನ ಕೆಂಡದಲ್ಲಿ ಹೂತು, ಊದುಗೊಳವೆ ಹಿಡಿದು ಕೂತ.

"ಏನ್ ಮಾಡ್ತಿದ್ದೀಯೋ ಅಣ್ಣ? ಹಾಗೇ ತಾ ಅಂದಿದ್ಳಲ್ಲ?"

"ಮುಖ ತೊಳೀದೆ ಮದುಮಗಳನ್ನ ಒಪ್ಪಿಸ್ತಾರೇನೇ? ನಾನೇನು ಉಜ್ಜಿದ್ನಾ? ಕೊಯ್ದ್ನಾ? ಬೆಂಕಿ ಬೇಡ ಅಂದ್ಲಾ ಅವ್ಳು? ಸುಮ್ನಿರು."

ನಮ್ಮವರ ಲೆಕ್ಕದಲ್ಲಿ ಬೆಂಕಿ ಎಂದರೆ ಕಲ್ಲನ್ನು ಎಬ್ಬಿಸುವುದು, ಕೆಡಿಸುವುದಲ್ಲ. ಎದ್ದೂ ಎದ್ದಿತು. ಬೂದಿಯಿಂದ ತೆಗೆದಾಗ ಎಳೆ ಬಾಳೆಲೆಯ ಬಣ್ಣಕ್ಕೆ ತಿರುಗಿ ಫಳಗುಟ್ಟಿತು. ಅವನ ಮಂಜುಗಣ್ಣಿಗೂ ಕಂಡಿತು.

ಫಿಲಿಪಾ ಬೆಳಕಿಗೆ ಹಿಡಿದು ನೋಡಿದಳು. "ಬೆಂಕಿಗೆ ಹಾಕಿದ್ರಾ?"

"ಚೆನ್ನಾಗಿ ಬಂತಲ್ಲ, ಮೇಡಂ?"

"ಅಜ್ಜ, ಒಳಗಿನ ಯುರೇನಿಯಂ ಅದನ್ನ ಎಷ್ಟು ಮುರೀತು, ಮುರಿದ್ರೂ ಅದು ಹೇಗೆ ತಡ್ಕೊಂತು, ಆ ಗುರುತೇ ನನಗೆ ಬೇಕಿತ್ತು. ಬೆಂಕಿ ಆ ಮುರಿದದ್ದನ್ನೆಲ್ಲ ಮತ್ತೆ ಕೂಡಿಸಿಬಿಟ್ಟಿದೆ. ಇನ್ನು ಇದು ಏನೂ ಹೇಳಲ್ಲ."

ಕೆಟ್ಟವಳಲ್ಲ, ಕಲ್ಲನ್ನು ಹಿಂದಕ್ಕೆ ಕೊಟ್ಟು ಅವನ ಕೈ ಹಿಡಿದುಕೊಂಡಳು. ಕೆಲಸ ಮಾತ್ರ ಪಕ್ಕದ ಕಣಿವೆಯವನಿಗೆ ಕೊಟ್ಟಳು.

ಸುದ್ದಿ ಕೇಳಿ ಮುದಲಾಳಿ ಬಂದ. "ಜೀವ ಬಂತಲ್ಲ ತೇಗಿಸಣ್ಣ, ಇನ್ನು ಇದು ಪಾಲಿನ ಹರಳು" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡ. ಅಣ್ಣ ಎದ್ದು ದಾರಿ ಬಿಟ್ಟ. ನಲವತ್ತು ವರ್ಷ ಆ ಕಟ್ಟಳೆ ಕಾದವನು ಅವನೇ ಅಲ್ಲವೇ? ಪಾಲು ಹಂಚುವ ಹೊತ್ತಿಗೆ ಮಳೆ ಮುಗಿದಿತ್ತು, ಗುಂಡಿಯಲ್ಲಿ ಅವನ ಕೆಲಸವೂ. ಅವನನ್ನು ಕರೆಯಲಿಲ್ಲ.

ಆಮೇಲೆ ಹನ್ನೊಂದು ವರ್ಷ ನನ್ನ ಜಗುಲಿಯಲ್ಲಿ ಕೂತ. ಚಹಾ ಕುಡಿದು ಬೆಲ್ಲ ಹಾಗೇ ಬಿಡುತ್ತಿದ್ದ. ಊದುಗೊಳವೆ ಈಗಲೂ ನನ್ನ ಒಲೆಯ ಹತ್ತಿರ ಇದೆ. ಊದಿದರೆ ಹಸಿ ಸೌದೆಯೂ ಹತ್ತಿಕೊಳ್ಳುತ್ತದೆ.